ಹಾರ್ಟ್ ಅಟ್ಯಾಕ್ ಅಲ್ಲ

ಜನವರಿ 17, 2024. ಸೊರಬ

ಕಾದಂಬರಿಯ ಒಂಬತ್ತನೇ ಅಧ್ಯಾಯ ಮುಂದಕ್ಕೆ ಹೋಗುತ್ತಿಲ್ಲ. ಕಂಡಕ್ಟರನ ಹೆಂಡತಿ ತವರಿಗೆ ಹೋಗಿ ಕೂತಿದ್ದಾಳೆ, ವಾಪಸ್ ಬರಲು ಒಪ್ಪುತ್ತಿಲ್ಲ. ನಾಗರಾಜ್‌ಗೆ ಹೇಳಿದೆ. ಬೂಟಿನ ಲೇಸ್ ಕಟ್ಟುತ್ತಾ, "ಬರದಿದ್ರೆ ಬಿಡು. ಕಂಡಕ್ಟರನ್ನೇ ಅಲ್ಲಿಗೆ ಕಳಿಸು" ಅಂದರು. ವೆಟರ್ನರಿ ಇನ್‌ಸ್ಪೆಕ್ಟರ್ ಕೊಟ್ಟ ಸಾಹಿತ್ಯ ವಿಮರ್ಶೆ. ಆದರೆ ಸರಿ ಇದೆ. ಹೆಂಡತಿಯ ಕಾದಂಬರಿಯನ್ನು ಪೂರ್ತಿ ಓದದೆಯೇ ರಿಪೇರಿ ಮಾಡುವ ಗಂಡ ಇನ್ನೊಬ್ಬನಿರಲಾರ.

ಇವತ್ತು ಕ್ಯಾಸನೂರು ಕಡೆ ಹೋಗಿದ್ದಾರೆ. ಕಾಡಂಚಿನಲ್ಲಿ ಎರಡು ಮಂಗ ಸತ್ತು ಬಿದ್ದಿವೆಯಂತೆ. ಕೈಕಾಲಿಗೆ ಎಣ್ಣೆ ಹಚ್ಚಿಕೊಳ್ಳಿ ಅಂದೆ. ಮಂಗನ ಮೈಯ ಉಣುಗು ಹತ್ತದಿರಲಿ ಅಂತ ಊರಿಗೆಲ್ಲ ಎಣ್ಣೆ ಹಚ್ಚಲು ಹೇಳುವವರು, ತಾವು ಮಾತ್ರ ಹಚ್ಚುವುದಿಲ್ಲ. ವಾಸನೆಯಂತೆ. ಸಗಣಿ ವಾಸನೆ ನಡೆಯುತ್ತದೆ, ಎಣ್ಣೆ ವಾಸನೆ ನಡೆಯುವುದಿಲ್ಲ.

ಜನವರಿ 27

ಧ್ವಜವಂದನೆ ಮುಗಿಸಿ ಬಂದು ಮಲಗಿದವರು ಎದ್ದಿಲ್ಲ. ಜ್ವರ. ಸೊಂಟ, ಕಣ್ಣುಗುಡ್ಡೆ ಎಲ್ಲ ನೋವು. ರಕ್ತ ಕೊಟ್ಟು ಬಂದಿದ್ದೇವೆ, ರಿಪೋರ್ಟ್ ಬರಬೇಕು. ಅವರಿಗೆ ಗೊತ್ತಾಗಿದೆ ಅನಿಸುತ್ತದೆ. ಬಾಯಿ ಬಿಡುತ್ತಿಲ್ಲ. "ಕಂಡಕ್ಟರ್ ಹೋದನಾ?" ಅಂತ ಕೇಳಿದರು. ಹೋದ ಅಂದೆ. ಇನ್ನೂ ಬರೆದಿಲ್ಲ.

ಫೆಬ್ರವರಿ 22

ನಾಗರಾಜ್ ಹೋದರು. ಎಂಟನೇ ತಾರೀಕು. ಮಂಗನ ಕಾಯಿಲೆ. ಇಲ್ಲಾದರೂ ಬರೆದಿಡುತ್ತೇನೆ, ಬಾಯಲ್ಲಿ ಹೇಳಲು ಯಾರೂ ಬಿಡುತ್ತಿಲ್ಲ.

ಆಸ್ಪತ್ರೆಯಿಂದ ಭಾವನಿಗೆ ಫೋನ್ ಮಾಡಿದ್ದೆ. ಶಿಕಾರಿಪುರದಲ್ಲಿ ಮೆಕ್ಕೆಜೋಳದ ಮಂಡಿ ನಡೆಸುವ ಚಂದ್ರಶೇಖರಪ್ಪನವರು, ಮಾತಿಗೊಮ್ಮೆ "ನನ್ ತಮ್ಮ, ನನ್ ತಮ್ಮ" ಅನ್ನುವವರು. ಅಂಜನಾಪುರದ ಹೊಲದಲ್ಲಿ ಅಪ್ಪ ಅವ್ವನ ಗದ್ದಿಗೆ ಪಕ್ಕದಲ್ಲೇ ತನ್ನನ್ನೂ ಕೂರಿಸಿ ಮಣ್ಣು ಮಾಡಬೇಕು ಅಂತ ನಾಗರಾಜ್ ಎಷ್ಟು ಸಲ ಹೇಳಿದ್ದರೋ. ಅದನ್ನೇ ಹೇಳಿದೆ. ಭಾವ ಅಂದದ್ದು:

"ನೀಲಮ್ಮ, ಬೇಜಾರ್ ಮಾಡ್ಕಬ್ಯಾಡ್ರಿ. ಇಲ್ಲಿಗೆ ತರೋದು ಬ್ಯಾಡ. ಗುಣಿ ತೆಗಿಯಾಕ ಆಳು ಒಪ್ಪವಲ್ರು. ನಾಳಿ ಹೊಲಕ್ಕ ಯಾರೂ ಕಾಲಿಡಲ್ಲ. ಅಲ್ಲೇ ಸೊರಬದಾಗ ಮುಗಿಸಿಬಿಡ್ರಿ."

ಉಣುಗು ಕಚ್ಚಿದರೆ ಬರುವ ಕಾಯಿಲೆ. ಹೆಣ ಮುಟ್ಟಿದರೆ ಬರುವುದಿಲ್ಲ. ಡಾಕ್ಟರ್ ನನ್ನ ಫೋನ್ ತೆಗೆದುಕೊಂಡು ಅವರಿಗೇ ಬಿಡಿಸಿ ಹೇಳಿದರು. ಹೂಂ ಸರ್, ಹೂಂ ಸರ್ ಅಂದರಂತೆ. ಸೊರಬದ ರುದ್ರಭೂಮಿಗೆ ಹೊತ್ತವರು ಯಾರೆಂದರೆ ನಾಗರಾಜ್ ಎಮ್ಮೆಗೆ, ಹಸುವಿಗೆ ಸೂಜಿ ಹಾಕಿದ ಮನೆಗಳವರು. ಸ್ವಾಮಿಗಳು ಮಾಸ್ಕ್ ಹಾಕಿಕೊಂಡು ದೂರದಿಂದ ಮಂತ್ರ ಹೇಳಿದರು. ಅಪ್ಪನ ಅಂಗೈಯಲ್ಲಿ ಲಿಂಗ ಇಟ್ಟವಳು ಧನ್ಯಾ. ಇನ್ನೂ ಬಿ.ಎಸ್ಸಿ. ಎರಡನೇ ವರ್ಷ.

ಶಿವಗಣಾರಾಧನೆಗೆ ಮಾತ್ರ ಭಾವನ ಕಡೆಯವರು ಮೂರು ಕಾರು ತುಂಬ ಬಂದರು. ಊಟಕ್ಕೆ ಹೆದರಿಕೆ ಇರಲಿಲ್ಲ. ಕಾರ್ಡು ಅವರೇ ಅಚ್ಚು ಹಾಕಿಸಿದ್ದು. "ತೀವ್ರ ಹೃದಯಾಘಾತದಿಂದ ಲಿಂಗೈಕ್ಯರಾದ..."

ಏನಿದು ಅಂತ ಕೇಳಿದೆ. ಭಾವನ ಹೆಂಡತಿ ಸುಮಕ್ಕ ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ, ತನ್ನ ಮಗಳ ಮಾತೆತ್ತಿ, "ಗಂಗಾಶ್ರೀಗೆ ಗಂಡು ನೋಡಾಕತ್ತೀವಿ ನೀಲಾ. ಮಂಗನ ಕಾಯ್ಲಿ ಮನಿ ಅಂದ್ರ ಯಾರ್ ಬರ್ತಾರ? ಸತ್ತದ್ದಂತೂ ಖರೆ. ಹೆಂಗ ಸತ್ರೇನು?" ಅಂದಳು.

ಹೆಂಗ ಸತ್ರೇನು. ಅವತ್ತಿನಿಂದ ಈ ಮಾತು ಕಿವಿಯಿಂದ ಹೋಗುತ್ತಿಲ್ಲ. ಹಾಗಂದರೆ ಹೆಂಗೆ ಬದುಕಿದರೂ ನಡೆಯುತ್ತದೆ. ಆಸ್ಪತ್ರೆಯಲ್ಲಿ ಹಲ್ಲಿನ ಸಂದಿಯಿಂದ ರಕ್ತ ಬರುವಾಗ ನನ್ನ ಕೈ ಹಿಡಿದು ಕೂತಿದ್ದ ಮನುಷ್ಯ ಬೇರೆ ಯಾರೋ ಇರಬೇಕು.

ಮಾರ್ಚ್ 11

ಮನೆ ಓನರ್ ಸುಬ್ಬಪ್ಪ ಬಂದಿದ್ದರು. ಹೊಸ್ತಿಲ ಆಚೆಯೇ ನಿಂತರು. "ತಪ್ಪು ತಿಳ್ಕಬೇಡಿ ಅಮ್ಮಾ, ಮನೆಗೆ ಸುಣ್ಣ ಹೊಡಿಸ್ಬೇಕು. ಬೇರೆಯೋರು ಕೇಳ್ತಿದಾರೆ."

ಖಾಲಿ ಮಾಡ್ತೀನಿ ಅಂತ ನಾನು ಯಾರಿಗೂ ಹೇಳೇ ಇಲ್ಲ. ಗಂಡ ಹೋದ ಮೇಲೆ ಹೆಂಗಸು ತಾನಾಗಿಯೇ ಖಾಲಿ ಆಗುತ್ತಾಳೆ ಅಂತ ಊರಿಗೆ ಊರೇ ತೀರ್ಮಾನ ಮಾಡಿದೆ.

ಏಪ್ರಿಲ್ 14. ಶಿಕಾರಿಪುರ

ಭಾವನ ಮಂಡಿಯ ಮೇಲಿನ ರೂಮು. ಬೇರೆ ಹೋಗಲು ಜಾಗವಿರಲಿಲ್ಲ. ಕೆಳಗೆ ಜೋಳದ ಚೀಲ, ಮೇಲೆ ನಾನು. ಧೂಳು ಎಲ್ಲ ಮೇಲಕ್ಕೇ ಬರುತ್ತದೆ. ಬೆಳಿಗ್ಗೆಯಿಂದ ಲಾರಿ, ತೂಕದವರ ಕೂಗು.

ಭಾವ ಟೇಬಲ್ ತಂದು ಹಾಕಿಸಿದ್ದಾರೆ. ಹೊಸದು, ಡ್ರಾಯರ್ ಇರುವಂಥದ್ದು. "ನೀವು ಬರಿಯಾವ್ರು, ಕುಂದ್ರಾಕ ಛಲೋ ಇರ್ಲಿ" ಅಂದರು. ಫ್ಯಾನ್ ಹಾಕಿಸಿದರು. ಧನ್ಯಾಳ ಹಾಸ್ಟೆಲ್ ಖರ್ಚು ತಾನೇ ನೋಡಿಕೊಳ್ಳುತ್ತೇನೆ ಅಂದರು. ದಿನಾ ಬಂದು ಊಟ ಆಯಿತಾ ಅಂತ ಕೇಳುತ್ತಾರೆ. ಪೂರ್ತಿ ಕೆಟ್ಟ ಮನುಷ್ಯನಾಗಿದ್ದರೆ ನನಗೆ ಎಷ್ಟೋ ಸುಲಭವಿತ್ತು. ಎಲ್ಲ ಮಾಡುತ್ತಾರೆ, ಆ ಒಂದು ಶಬ್ದ ಮಾತ್ರ ಬಾಯಿಂದ ಬರುವುದಿಲ್ಲ. ಮಂಡಿಗೆ ಬಂದವರು ಕೇಳಿದರೆ ಎದೆ ಮುಟ್ಟಿಕೊಂಡು ತೋರಿಸುತ್ತಾರೆ. ಮೊನ್ನೆಯಂತೂ "ಮೊದ್ಲಿಂದನೂ ಬಿ.ಪಿ. ಇತ್ತು ಅವಂಗ" ಅಂದದ್ದನ್ನು ಮೆಟ್ಟಿಲಲ್ಲಿ ನಿಂತು ಕೇಳಿದೆ. ನಾಗರಾಜ್‌ಗೆ ಬಿ.ಪಿ. ಇರಲಿಲ್ಲ. ನನಗಿದೆ.

ಜೂನ್ 3

ಕಂಡಕ್ಟರನ ಕಾದಂಬರಿ ಬಿಟ್ಟೆ. ಎಂಟು ಅಧ್ಯಾಯ, ಹೋಗಲಿ. ಅವನು ಹೆಂಡತಿಯ ತವರಿನ ಬಾಗಿಲಲ್ಲೇ ನಿಂತಿರಲಿ.

ಬೇರೆ ಶುರು ಮಾಡಿದೆ. ಒಬ್ಬ ವೆಟರ್ನರಿ ಇನ್‌ಸ್ಪೆಕ್ಟರ್. ಮೊದಲ ವಾಕ್ಯದಲ್ಲೇ ಸಾಯುತ್ತಾನೆ, ಯಾವ ಕಾಯಿಲೆ ಅಂತಲೂ ಅದರಲ್ಲೇ ಇದೆ. ಇನ್ನು ಯಾರು ಏನು ಅಚ್ಚು ಹಾಕಿಸುತ್ತಾರೋ ಹಾಕಿಸಲಿ.

ಜೂನ್ 20

ಬರೆಯುತ್ತಿದ್ದೇನೆ. ಬೆಳಿಗ್ಗೆ ಲಾರಿ ಬರುವ ಮುಂಚೆ. ಸುಮಕ್ಕ ಕಾಫಿ ತಂದವಳು "ಇಂಥಾ ಹೊತ್ನ್ಯಾಗೂ ಕತಿ ಬರಿಯಾಕ ಮನಸ್ಸು ಬರ್ತೈತಲ್ಲ ನಿಂಗ" ಅಂದಳು. ಮನಸ್ಸು ಬರುವುದಲ್ಲ, ಸಿಟ್ಟು ಬರುವುದು. ಹೇಳಿದರೆ ಅರ್ಥ ಆಗಲಿಕ್ಕಿಲ್ಲ. ಕಾಫಿ ಚೆನ್ನಾಗಿತ್ತು.

ಆಗಸ್ಟ್ 9

ಪ್ರಕಾಶಕರಿಗೆ ಮೊದಲ ನಾಲ್ಕು ಅಧ್ಯಾಯ ಕಳಿಸಿದ್ದೆ. ಇವತ್ತು ಫೋನ್. ಭಾಷೆ ಚೆನ್ನಾಗಿದೆ, ಅದು ಇದು. ಆಮೇಲೆ ಗಂಟಲು ಸರಿಮಾಡಿಕೊಂಡರು.

"ಮೇಡಂ, ಒಂದೇ ಒಂದು ಸಜೆಶನ್. ಮಂಗನ ಕಾಯಿಲೆ ಅಂದ್ರೆ ಸ್ವಲ್ಪ... ಓದುಗರಿಗೆ ನಗು ಬರಬಹುದು. ಗಂಭೀರವಾಗಿ ಕೇಳಲ್ಲ. ಕ್ಯಾನ್ಸರ್ ಮಾಡಿದ್ರೆ ಕನೆಕ್ಟ್ ಆಗ್ತಾರೆ."

"ಕ್ಯಾನ್ಸರ್ ಹತ್ತಿಸೋಕೆ ಅವನು ಕಾಡಿಗೆ ಯಾಕೆ ಹೋಗಬೇಕು?" ಅಂದೆ.

"ಅದನ್ನ ನೀವು ನೋಡ್ಕೊಳ್ಳಿ ಮೇಡಂ, ನೀವು ಕ್ರಿಯೇಟಿವ್."

ಫೋನ್ ಇಟ್ಟೆ. ಇಟ್ಟ ಮೇಲೆ ಕೂಗಾಡಿದೆ, ಗೋಡೆಗೆ. ಮನೆಯವರು ಹಾರ್ಟ್ ಅಟ್ಯಾಕ್ ಅನ್ನುತ್ತಾರೆ, ಇವರು ಕ್ಯಾನ್ಸರ್ ಅನ್ನುತ್ತಾರೆ. ಸತ್ತವನಿಗೆ ತಲೆಗೊಂದು ಕಾಯಿಲೆ ಆರಿಸಿ ಕೊಡುತ್ತಿದ್ದಾರೆ. ಮನೆಗೆ ಪೇಂಟ್ ಆರಿಸುವಾಗಲೂ ಇಷ್ಟು ಧಾರಾಳತನ ಇರುವುದಿಲ್ಲ.

ಅಳು ಬಂತು. ಅತ್ತುಬಿಟ್ಟೆ. ತುಂಬಾ ದಿನ ಆಗಿತ್ತು.

ಸೆಪ್ಟೆಂಬರ್ 29

ಗಂಗಾಶ್ರೀಯನ್ನು ನೋಡಲು ಹೊನ್ನಾಳಿ ಕಡೆಯವರು ಬಂದಿದ್ದರು. ಹುಡುಗನ ಹೆಸರು ಹೇಮಂತ್, ಟ್ರ್ಯಾಕ್ಟರ್ ಷೋರೂಂ. ಹುಡುಗನ ತಾಯಿ ನೇರ ನನ್ನನ್ನೇ ಕೇಳಿದರು, "ನಿಮ್ಮನಿಯವ್ರಿಗೆ ಏನಾಗಿತ್ರಿ?" ಸುಮಕ್ಕನ ಕೈಯಲ್ಲಿದ್ದ ಉಪ್ಪಿಟ್ಟಿನ ತಟ್ಟೆ ಅಲ್ಲೇ ನಿಂತಿತು. ನಾನು ಬಾಯಿ ತೆರೆಯುವಷ್ಟರಲ್ಲಿ ಭಾವ, "ಹಾರ್ಟ್ ರೀ. ಒಂದು ತಾಸಿನ್ಯಾಗ ಮುಗೀತು" ಅಂದರು.

ಒಂದು ತಾಸು. ಎರಡು ವಾರ ನರಳಿದ್ದನ್ನು ಒಂದು ತಾಸಿಗೆ ಇಳಿಸಿಬಿಟ್ಟರು. ಎದ್ದು ಮೇಲೆ ಬಂದೆ.

ಹಿಂದೆಯೇ ಗಂಗಾಶ್ರೀ ಬಂದಳು, ರೇಷ್ಮೆ ಸೀರೆಯಲ್ಲೇ. ಮಂಚದ ಮೇಲೆ ಕೂತು, "ಚಿಕ್ಕಮ್ಮ, ನನ್ ಸಲುವಾಗಿ ಸುಮ್ನಿದ್ದೀರೇನು?" ಅಂದಳು. ಹೌದು ಅಂದೆ. "ನನ್ ಹೆಸರಿನ್ಯಾಗ ಚಿಕ್ಕಪ್ಪನ್ನ ಮುಚ್ಚಿಡೋದು ನಂಗ ಬ್ಯಾಡಾಗೈತಿ" ಅಂದಳು. ನನ್ನ ಟೇಬಲ್ ಮೇಲಿನ ಹಾಳೆ ನೋಡುತ್ತಾ ಸ್ವಲ್ಪ ಹೊತ್ತು ಕೂತಿದ್ದು ಇಳಿದು ಹೋದಳು. ಆ ಮನೆಯಲ್ಲಿ ಒಬ್ಬಳಿಗಾದರೂ ನಾಚಿಕೆ ಇದೆ.

ಡಿಸೆಂಬರ್ 2

ಮುಗಿಯಿತು. ಇಪ್ಪತ್ತೊಂದು ಅಧ್ಯಾಯ. ಅಣ್ಣ "ಇಲ್ಲಿಗೆ ತರೋದು ಬ್ಯಾಡ" ಅನ್ನುವುದು ಹದಿನೈದರಲ್ಲಿದೆ. ಅವನನ್ನು ರಾಕ್ಷಸ ಮಾಡಬೇಕೆಂದು ಕೂತಿದ್ದೆ. ಆಗಲಿಲ್ಲ. ಟೇಬಲ್ ಕೊಡಿಸಿದ್ದನ್ನೂ ಬರೆಯಬೇಕಾಯಿತು. ಅದಕ್ಕೂ ಸಿಟ್ಟೇ.

ಜನವರಿ 19, 2025

ವರ್ಷದ ಪುಣ್ಯಸ್ಮರಣೆಯ ತಯಾರಿ. ಭಾವ ಕಾರಿನಲ್ಲಿ ಅಂಜನಾಪುರಕ್ಕೆ ಕರೆದುಕೊಂಡು ಹೋದರು, "ಒಂದ್ ತೋರ್ಸಬೇಕು ಬರ್ರಿ" ಅಂತ.

ಹೊಲದಲ್ಲಿ, ಅತ್ತೆ ಮಾವನ ಗದ್ದಿಗೆ ಪಕ್ಕದಲ್ಲಿ, ಹೊಸ ಗದ್ದಿಗೆ. ಕಪ್ಪು ಗ್ರಾನೈಟ್. ನಾಗರಾಜ್‌ರ ಫೋಟೊ ಕೆತ್ತಿಸಿದ್ದಾರೆ. ಜನನ, ಲಿಂಗೈಕ್ಯ, ಎರಡೂ ತಾರೀಕು.

ಒಳಗೆ ಯಾರಿದ್ದಾರೆ ಅಂತ ಕೇಳಿದೆ.

"ಹೊನ್ನಾಳಿ ಬೀಗ್ರು ಕೇಳ್ತಾರ ನೀಲಮ್ಮ, ತಮ್ಮನ ಗದ್ದಿಗಿ ಎಲ್ಲೈತಿ ಅಂತ. ಸೊರಬದಿಂದ ಒಂದ್ ಹಿಡಿ ಮಣ್ಣು ತರ್ಸಿ ಇಟ್ಟೀನಿ."

ಮನುಷ್ಯ ಬರುವುದು ಬೇಡ, ಮಣ್ಣು ಬರಬಹುದು. ಮಣ್ಣಿಗೆ ಆಳು ಒಪ್ಪಿದ್ದಾರೆ. ಫೋಟೊದಲ್ಲಿ ನಾಗರಾಜ್‌ರ ಕಿವಿ ಕೂಡ ಸರಿ ಬಂದಿಲ್ಲ. ಭಾವ ಕಣ್ಣೊರೆಸಿಕೊಂಡರು. ನಾಟಕವಲ್ಲ, ನಿಜವಾಗಿ ಅತ್ತರು. ನನಗೆ ಒಂದು ಹನಿ ಬರಲಿಲ್ಲ. ವಿಭೂತಿ ಹಚ್ಚಿ ಅಂದರು, ಹಚ್ಚಲಿಲ್ಲ.

ಫೆಬ್ರವರಿ 8

ಅಂಜನಾಪುರದ ಹೊಲದಲ್ಲಿ, ಹೊಸ ಗದ್ದಿಗೆಯ ಮುಂದೆ ಶಾಮಿಯಾನ. ಮೈಕ್. ಹೋಳಿಗೆ. ಹೊನ್ನಾಳಿಯ ಬೀಗರು ಮುಂದಿನ ಸಾಲಿನಲ್ಲಿ. ನಿಶ್ಚಿತಾರ್ಥ ಆಗಿದೆ, ಮದುವೆ ಮೇ ತಿಂಗಳಲ್ಲಿ. ಧನ್ಯಾ ನನ್ನ ಪಕ್ಕದಲ್ಲಿ. ಭಾವ ತಮ್ಮನ ಬಗ್ಗೆ ಮಾತಾಡಿ, "ಈಗ ನಮ್ಮ ನೀಲಮ್ಮ ಎರಡು ಮಾತು ಹೇಳ್ತಾರ, ಸಾಹಿತಿಗಳು ಅವ್ರು" ಅಂತ ಮೈಕ್ ಕೊಟ್ಟರು. ಕೊಡಬಾರದಿತ್ತು.

ಬರೆದುಕೊಂಡು ಹೋಗಿರಲಿಲ್ಲ. ಹೇಳಿದ್ದು ಇಷ್ಟು: ಈ ಗದ್ದಿಗೆಯ ಕೆಳಗೆ ಯಾರೂ ಇಲ್ಲ. ನನ್ನ ಗಂಡ ಸೊರಬದ ರುದ್ರಭೂಮಿಯಲ್ಲಿದ್ದಾರೆ. ಹಾರ್ಟ್ ಅಟ್ಯಾಕ್ ಅಲ್ಲ. ಅವರ ಹಾರ್ಟಿಗೆ ಏನೂ ಆಗಿರಲಿಲ್ಲ. ಮಂಗನ ಕಾಯಿಲೆಯಿಂದ ಹೋದರು. ಊರವರಿಗಾಗಿ ಸತ್ತ ಮಂಗ ನೋಡಲು ಹೋಗಿ ತಂದುಕೊಂಡ ಕಾಯಿಲೆ, ಮುಚ್ಚಿಡುವಂಥ ತಪ್ಪು ಏನೂ ಮಾಡಿಕೊಂಡಿರಲಿಲ್ಲ. ಅದು ಹೆಣದಿಂದ ಹತ್ತುವುದಿಲ್ಲ, ಮನೆತನಕ್ಕೂ ಹತ್ತುವುದಿಲ್ಲ.

ಮೈಕ್ ಆಫ್ ಆಯಿತು. ಹೇಳುವುದೂ ಮುಗಿದಿತ್ತು.

ಜನ ಊಟಕ್ಕೆ ಕೂತರು. ಸುಮಕ್ಕ ಬೀಗರ ಮುಂದೆ ಕೈ ಮುಗಿದು ಏನೋ ಹೇಳುತ್ತಿದ್ದಳು. ಹೇಮಂತ್ ಎದ್ದು, "ಅತ್ತಿ, ನಂಗ ಮೊದ್ಲೇ ಗೊತ್ತೈತಿ. ನಿಶ್ಚಯಕ್ಕಿಂತ ಮುಂಚೆನೇ ಗಂಗಾಶ್ರೀ ಹೇಳ್ಯಾಳ. ನಮ್ಮನ್ಯಾಗೂ ಹೇಳೀನಿ" ಅಂದ. ಇನ್ನೊಂದು ಹೋಳಿಗೆ ಹಾಕಿಸಿಕೊಂಡ.

ಅಂದರೆ ಇಷ್ಟು ತಿಂಗಳು ಇವರು ಯಾರಿಂದ ಮುಚ್ಚಿಟ್ಟರೋ ಅವರಿಗೆಲ್ಲ ಗೊತ್ತಿತ್ತು. ಗೊತ್ತಿಲ್ಲದವಳ ಹಾಗೆ ಬಾಯಿ ಮುಚ್ಚಿಕೊಂಡು ಕೂತಿದ್ದವಳು ನಾನೊಬ್ಬಳೇ. ನಗಬೇಕೋ, ಮೈಕಿನಿಂದ ಇನ್ನೊಂದು ಸಲ ಬೈಯಬೇಕೋ ತಿಳಿಯಲಿಲ್ಲ. ಧನ್ಯಾ ನಕ್ಕಳು.

ಫೆಬ್ರವರಿ 9

ಭಾವ ಮೇಲೆ ಬಂದರು. ಬಾಗಿಲಲ್ಲಿ ನಿಂತರು, ಒಳಗೆ ಬರಲಿಲ್ಲ. ಒಂದು ರಾತ್ರಿಗೆ ಮುದುಕರಾಗಿದ್ದರು.

"ತರಬ್ಯಾಡ ಅಂದವ ನಾನು. ಅದನ್ನ ಮೈಕಿನ್ಯಾಗ ಹೇಳ್ಲಿಲ್ಲ ನೀವು. ಯಾಕ?"

"ಅದು ಕಾದಂಬರಿಯಲ್ಲಿದೆ" ಅಂದೆ.

ಗೋಡೆ ಹಿಡಿದುಕೊಂಡರು. "ಹೆಸರು?"

"ಬದಲಾಯಿಸಿದ್ದೇನೆ."

ತಲೆ ಅಲ್ಲಾಡಿಸಿದರು. ಇಳಿದು ಹೋಗಿ ತೂಕದ ಹುಡುಗರ ಮೇಲೆ ಕೂಗಾಡಿದ್ದು ಕೇಳಿಸಿತು. ಪಾಪ ಅನಿಸಿತು. ಆದರೆ ಹದಿನೈದನೇ ಅಧ್ಯಾಯದಲ್ಲಿ ಒಂದು ಅಕ್ಷರ ತೆಗೆಯುವುದಿಲ್ಲ. ಪ್ರಕಾಶಕರಿಗೂ ಅದನ್ನೇ ಬರೆದು ಕಳಿಸಿದೆ. ಬೇಕಾದರೆ ಅಚ್ಚು ಹಾಕಲಿ, ಇಲ್ಲದಿದ್ದರೆ ವಾಪಸ್ ಕಳಿಸಲಿ.

ಫೆಬ್ರವರಿ 12. ಮಧ್ಯಾಹ್ನ

ಒಬ್ಬ ಹೆಂಗಸು ಬಂದಿದ್ದಾಳೆ. ದುರ್ಗಮ್ಮ ಅಂತ. ಸೊರಬದಿಂದ ಆಚೆಯ ಹಳ್ಳಿ, ಎರಡು ಬಸ್ಸು ಹತ್ತಿ ಬಂದಿದ್ದು. ಪರಿಚಯ ಇಲ್ಲ. ಮಂಡಿಯ ಮುಂದೆ ನಿಂತು "ಮೈಕಲ್ಲಿ ಮಾತಾಡಿದ ಅಮ್ಮ ಇಲ್ಲೇ ಇರೋದಾ?" ಅಂತ ಕೇಳಿದಳಂತೆ. ಯಾರೋ ಮೊಬೈಲಿನಲ್ಲಿ ಹಿಡಿದದ್ದು ಅಲ್ಲಿಯವರೆಗೆ ಹೋಗಿದೆ.

ಕುರ್ಚಿ ತೋರಿಸಿದರೂ ಕೂರಲಿಲ್ಲ. ನೆಲದ ಮೇಲೆ ಕೂತಳು. ನಾನೂ ಕೂತೆ.

"ನನ್ ಮಗಂದೂ ಅದೇಯ ಅಮ್ಮ. ನಾವು ಕಾಮಾಲೆ ಅಂತ ಹೇಳಿದ್ವಿ. ಇಲ್ದಿದ್ರೆ ಮನೆ ಕಡೆ ಯಾರೂ ತಲೆ ಹಾಕಲ್ಲ ಅಂತ ನಮ್ ಯಜಮಾನ್ರು ಹೆದರ್ಕಂಡ್ರು. ಈಗ ಎಲ್ರೂ ಕಾಮಾಲೆ ಅಂತಾನೇ ಅಂತಾರೆ. ನಂಗೇ ಒಂದೊಂದ್ ಸಲ ಹೌದೇನೋ ಅನ್ನಿಸ್ತದೆ."

ಟೇಬಲ್ ಮೇಲಿನ ಹಾಳೆಗಳನ್ನು ತೋರಿಸಿದಳು.

"ನೀವು ಪುಸ್ತಕ ಬರೀತೀರಂತಲ್ಲ. ಅವಂದೂ ಬರ್ಕಳಿ. ಹೆಸ್ರು ಬೇರೆ ಮಾಡ್ಬೇಡಿ."

ಕೈಗೆ ಸಿಕ್ಕಿದ್ದು ಈ ಡೈರಿ. ಅವಳು ಹೇಳುತ್ತಿದ್ದಾಳೆ, ಬರೆದುಕೊಳ್ಳುತ್ತಿದ್ದೇನೆ. ನಾಗೇಶ. ಇಪ್ಪತ್ತಾರು. ತಂದೆ ಆನಂದಪ್ಪ. ಸೌದೆಗೆ ಹೋಗಿದ್ದಲ್ಲ, ತಪ್ಪಿಸಿಕೊಂಡ ಎಮ್ಮೆ ಹುಡುಕಲು ಹೋಗಿದ್ದು, ಅದನ್ನು ಸರಿಯಾಗಿ ಬರೆಯಬೇಕಂತೆ. ಎಮ್ಮೆ ಸಿಕ್ಕಿತಂತೆ. ಹಗ್ಗ ಹಿಡಿದು ನಗುತ್ತಾ ಬಂದನಂತೆ, ಬಂದವನು ಅವ್ವಾ ನೀರು ಕೊಡು ಅಂದನಂತೆ. ಅವಳು ನಿಲ್ಲಿಸಿಲ್ಲ, ಹಾಳೆ ತಿರುಗಿಸಿದೆ.