ಎಂಟರಲ್ಲಿ ಒಂದು

ಸಿದ್ಧಕಟ್ಟೆ
14-10-2024, ಸೋಮವಾರ

ಪ್ರೀತಿಯ ಸಬೀಹಾಳ ಬಾಪನಿಗೆ ಸಲಾಂ.

ಸೌಖ್ಯವಾ? ಕೆಮ್ಮು ಕಡಿಮೆಯಾಯಿತಾ? ಏಸಿಯ ಅಡಿಯಲ್ಲಿ ಮಲಗಬೇಡಿ. ಫೋನಿನಲ್ಲಿ ನೀವು ಕೇಳಿದ್ದಕ್ಕೆಲ್ಲ ನಾನು ಬರೇ ಹೂಂ ಹೂಂ ಎಂದೆ. ನಿಮ್ಮ ಉಮ್ಮ ಪಕ್ಕದಲ್ಲೇ ಕೂತಿರುತ್ತಾರೆ, ನನಗೆ ಸ್ವರ ಬರುವುದಿಲ್ಲ. ಇವತ್ತು ನಿಮ್ಮಲ್ಲಿಗೆ, ದಮಾಮಿಗೆ ಹೊರಟ ಇರ್ಷಾದನ ಕೈಯಲ್ಲಿ ಇದನ್ನು ಕೊಡುತ್ತೇನೆ.

ಸಬೀಹಾಳಿಗೆ ಗುರುವಾರ ಮತ್ತೆ ರಕ್ತ ಕೊಡಿಸಿದೆವು. ಐದು ವರ್ಷದ ಕೈಯಲ್ಲಿ ನರ ಸಿಗದೆ ನಾಲ್ಕು ಸಲ ಚುಚ್ಚಿದರು. ಅವಳು ಈಗ ಅಳುವುದಿಲ್ಲ, "ಮುಗಿಯಿತಾ ಉಮ್ಮಾ" ಎಂದಷ್ಟೇ ಕೇಳುತ್ತಾಳೆ. ಅತ್ತಿದ್ದರೆ ಒಳ್ಳೆಯದಿತ್ತು. ಇನ್ನೊಂದು ಮಗುವಿಗೆ ಈ ರಕ್ತದ ಕಾಯಿಲೆ ಬರಬಾರದೆಂದೇ ಅಲ್ಲವಾ, ನೀವು ರಜೆಯಲ್ಲಿ ಬಂದಾಗ ನಾವು ಮಂಗಳೂರಿನ ಆಸ್ಪತ್ರೆಗೆ ಹೋದದ್ದು.

ಅಲ್ಲಿ ಗಾಜಿನ ತಟ್ಟೆಯಲ್ಲಿ ಬೆಳೆಸಿ ಐಸಿನಲ್ಲಿ ಇಟ್ಟಿರುವ ನಮ್ಮ ಮೂರು ಭ್ರೂಣಗಳಿಂದ ಪರೀಕ್ಷೆಗೆಂದು ಒಂದೊಂದು ಜೀವಕಣ ತೆಗೆದಿದ್ದಾರೆ. ಸ್ವರ್ಣಲತಾ ಡಾಕ್ಟರು ಪರದೆಯಲ್ಲಿ ಒಂದನ್ನು ತೋರಿಸಿದರು. ಮೂರು ದಿನದ್ದು, ಸಾಬೂನಿನ ನೊರೆಯ ಹಾಗೆ ಎಂಟು ಗುಳ್ಳೆ. ಅರ್ಥ ಆಯ್ತಾ ಎಂದರು, ತಲೆಯಾಡಿಸಿದೆ. ಮೆಟ್ಟಿಲು ಇಳಿದವಳು ತಿರುಗಿ ಹತ್ತಿ ಹೋಗಿ, ತೆಗೆದದ್ದು ಮಗುವಿನ ಕಣ್ಣಾ, ಕೈಯಾ ಎಂದು ಕೇಳಿದೆ. ಅವರು ನಗಲಿಲ್ಲ. "ನೆನೆಸಿಟ್ಟ ಅಕ್ಕಿ ಉಂಟಲ್ಲ, ಪುಂಡಿಯೂ ಆಗ್ತದೆ, ನೀರುದೋಸೆಯೂ ಆಗ್ತದೆ. ಇವು ಕೂಡ ಹಾಗೆ, ಇನ್ನೂ ಏನೂ ಆಗಲಿಲ್ಲ, ಏನು ಬೇಕಾದರೂ ಆಗ್ತವೆ. ಒಂದು ಹೋದರೆ ಉಳಿದ ಏಳು ಸೇರಿ ಪೂರ್ತಿ ಮಗು ಮಾಡ್ತವೆ" ಎಂದರು. ಹಾಗಾದರೆ ಆ ಒಂದನ್ನು ಕೊಡಿ, ಹೂಳಬೇಕು ಎಂದೆ. ಹೊಕ್ಕುಳ ಬಳ್ಳಿಯನ್ನೇ ನಾವು ಮಣ್ಣಿಗೆ ಕೊಡುತ್ತೇವಲ್ಲ. "ಅದು ಪರೀಕ್ಷೆಯಲ್ಲೇ ಮುಗಿಯಿತು ಮಾರಾಯ್ತಿ" ಎಂದರು. ಬಸ್ಸಿನಲ್ಲಿ ಬಂಟ್ವಾಳದವರೆಗೂ ಅದೇ ಯೋಚನೆ. ಏನು ಬೇಕಾದರೂ ಆಗಬಹುದಾಗಿದ್ದದ್ದು ಏನೂ ಆಗದೆ ಹೋಯಿತು. ಮತ್ತೆ, ಕಣ್ಣಾಗಲಿ ಉಗುರಾಗಲಿ, ಅದು ನಮ್ಮಿಬ್ಬರಿಂದಲೇ ಬಂದದ್ದಲ್ಲವಾ. ನಮ್ಮಲ್ಲಿ ಇರುವುದನ್ನು ಬಿಟ್ಟು ಅದು ಎಲ್ಲಿಂದ ತರಲಿ?

ನಿಮ್ಮ ಉಮ್ಮ ಮಾತ್ರ ಖುಷಿಯಲ್ಲಿದ್ದಾರೆ. "ಮೊಮ್ಮಕ್ಕಳನ್ನು ಐಸಿನ ಪೆಟ್ಟಿಗೆಯಲ್ಲಿ ಇಟ್ಟಿದ್ದಾರಂತೆ, ಮೀನಿನ ಹಾಗೆ. ಶೀತ ಆಗುವುದಿಲ್ಲವಾ?" ಎಂದು ನೆರೆಮನೆಯವರನ್ನೆಲ್ಲ ನಗಿಸುತ್ತಾರೆ. ನಾನೂ ನಕ್ಕೆ.

ದುವಾದಲ್ಲಿ ಮೊದಲು ಸಬೀಹಾಳ ಹೆಸರು ಹೇಳಿ, ನನ್ನದು ಆಮೇಲೆ.

ನಿಮ್ಮ
ಜುವೈರಿಯಾ

ಮರೆತದ್ದಲ್ಲ, ಮೇಲೆ ಬರೆಯಲು ಆಗಲಿಲ್ಲ. ಇರ್ಷಾದ್ ಗೇಟಿನ ಹತ್ತಿರ ಹಾರ್ನ್ ಹಾಕುತ್ತಿದ್ದಾನೆ. ಪರೀಕ್ಷೆಯ ಫಲಿತಾಂಶ ಶನಿವಾರವೇ ಬಂತು. ಮೂರಕ್ಕೂ ಸಬೀಹಾಳ ಕಾಯಿಲೆಯೇ. ಅವುಗಳನ್ನು ಇನ್ನು ಇಡುವುದು ಬೇಡ ಎನ್ನಲು ಇಬ್ಬರ ಸಹಿ ಬೇಕಂತೆ. ಕಾಗದ ಇದರೊಳಗೆ ಉಂಟು, ನನ್ನದು ಹಾಕಿದ್ದೇನೆ. ನಿಮ್ಮ ಉಮ್ಮನಿಗೆ ನೀವೇ ಹೇಳಬೇಕು. ಅವರು ಮೂರಕ್ಕೂ ಹೆಸರಿಟ್ಟಿದ್ದಾರೆ.