ಏಳನೇ ನಂಬರಿನ ಸದ್ದು

ಅತ್ತಿಗೆ,

ಸುಖವಾಗಿ ತಲುಪಿದೆ, ಸುಖ ಅಲ್ಲಿಗೇ ಮುಗಿಯಿತು. ಈ ಬರಹಗಾರರ ಶಿಬಿರದಲ್ಲಿ ಹನ್ನೊಂದು ಜನ ಒಂದೇ ಹಾಲಿನಲ್ಲಿ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಬರೆಯುತ್ತೇವೆ. ಮನಸ್ಸು ನಿಲ್ಲಲು ಹಿನ್ನೆಲೆಯಲ್ಲಿ ಸದ್ದು ಬೇಕಂತೆ. ಪಕ್ಕದ ಕಾದಂಬರಿಕಾರರು ಗಿಜಿಗುಡುವ ಹೋಟೆಲಿನ ಸದ್ದು ಕೇಳುತ್ತಾ ಬರೆಯುತ್ತಾರೆ. ನಾನು ಒಂದೇ ಒಂದು ಸಲ ಕೆಮ್ಮಿದ್ದಕ್ಕೆ, "ಸ್ವಲ್ಪ ಹೊರಗೆ ಹೋಗಿ ಕೆಮ್ತೀರಾ?" ಅಂದರು.

ಮೇಲ್ವಿಚಾರಕಿ ನನಗೂ ಸದ್ದುಗಳ ಪಟ್ಟಿ ಕೊಟ್ಟರು. ಮಳೆ, ರೈಲು ಎಲ್ಲ ಆಗಿ ಏಳನೆಯದು ಹೊಲಿಗೆ ಮಿಷನ್. "ಎಲ್ರೂ ಇದಕ್ಕೇ ಮುಗಿಬೀಳ್ತಾರೆ ಸರ್" ಅಂದರು. ನಾನು ಬರೆಯಲು ಕೂತಾಗಲೆಲ್ಲ ಆರು ವರ್ಷ ನಿಮ್ಮ ಮಿಷನ್ ನಿಲ್ಲಿಸಿದವನು ತೆಪ್ಪಗೆ ಅದನ್ನೇ ಹಾಕಿಸಿಕೊಂಡೆ. ಆದರೆ ಇದರಲ್ಲಿ ದಾರ ಕಡಿಯುವುದಿಲ್ಲ, ಕಡಿಯಿತೆಂದು ನಿಮ್ಮ ಹಾಗೆ ಯಾರೂ ನನ್ನನ್ನು ಬೈಯುವುದಿಲ್ಲ. ನಾಲ್ಕು ದಿನದಿಂದ ಒಂದು ಸಾಲೂ ಹುಟ್ಟಿಲ್ಲ.

ಕೆಮ್ಮು ಹಾಗೇ ಇದೆ, ಹೊರಗೆ ಹೋಗಿ ಕೆಮ್ಮುತ್ತಿದ್ದೇನೆ. ಈ ಅಂಚೆ ಕಾರ್ಡಿನಲ್ಲಿ ಇನ್ನು ಜಾಗವಿಲ್ಲ. ನಿಮ್ಮ ಮಿಷನ್ನಿನ ಮೇಲೆ ನಾನು ಅಂಟಿಸಿದ್ದ "ಬರವಣಿಗೆ ನಡೆದಿದೆ, ಸದ್ದು ಬೇಡ" ಚೀಟಿಯನ್ನು ಕಿತ್ತು ಬಿಸಾಡಿ. ಅಣ್ಣ ಕೇಳಿದರೆ ಗಾಳಿಗೆ ಹಾರಿಹೋಯಿತು ಅನ್ನಿ.

ನಿಮ್ಮ ಮೈದುನ