ಮೂಲೆ ಹೋದ ವಾಚು

ಮನೆ,
ಮಾರ್ಚ್ ೧೩, ಗುರುವಾರ ಮಧ್ಯಾಹ್ನ

ಹಡಗನ್ನೇ ಮನೆ ಮಾಡಿಕೊಂಡಿರುವ ನಮ್ಮ ಯಜಮಾನರಿಗೆ,

ಹೇಗಿದ್ದೀರಿ? ಬೆನ್ನುನೋವು ಕಡಿಮೆಯಾಯಿತೇ? ಎಂಜಿನ್ ರೂಮಿನ ಸೆಕೆಯಿಂದ ಬಂದವರೇ ತಲೆಗೆ ತಣ್ಣೀರು ಸುರಿದುಕೊಳ್ಳಬೇಡಿ ಎಂದು ನಿಮ್ಮಮ್ಮ ಬರೆಸುತ್ತಿದ್ದಾರೆ. ಅವರು ಚೆನ್ನಾಗಿದ್ದಾರೆ, ಮಂಡಿಯೊಂದು ಬಿಟ್ಟು. ನಾನೂ ಚೆನ್ನಾಗಿದ್ದೇನೆ, ತಲೆಯೊಂದು ಬಿಟ್ಟು. ಅದು ಕೆಟ್ಟಿದ್ದು ಮೊನ್ನೆ, ನಿಮ್ಮ ಕಾಗದ ಓದಿದ ಮೇಲೆ. ಬರುವ ತಿಂಗಳು ಹನ್ನೆರಡಕ್ಕೆ ಇಳಿದು ಬರಬೇಕಾದವರು ಇನ್ನೂ ಆರು ತಿಂಗಳು ಅಲ್ಲೇ ದುಡಿಯುತ್ತೀರಂತೆ, ಮುಂದಿನ ಬಂದರಿನಲ್ಲಿ ಹೊಸ ಕರಾರಿಗೆ ಸಹಿ ಹಾಕುತ್ತೀರಂತೆ. ಯಾಕೆಂದರೆ ಯಾರೋ ಒಬ್ಬ ಮುದುಕ ಪ್ಲಾಟಿನಂ ವಾಚು ಮಾರುತ್ತಿದ್ದಾನೆ, ಅದು ಚೌಕವಾಗಿದೆ!

ಇರುವ ಹನ್ನೊಂದು ಸಾಲದೇ? ಎಂಟು ಚಿನ್ನದವು, ಮೂರು ಬಿಳಿ ಚಿನ್ನದವು, ಎಲ್ಲವೂ ಚೌಕ, ಎಲ್ಲವೂ ಅಮ್ಮನಿಗಿಂತ ವಯಸ್ಸಾದವು. ಊರಿಗೆಲ್ಲ ದುಂಡನೆಯ ವಾಚು ಸಾಕು, ನಿಮಗೆ ಮಾತ್ರ ಮೂಲೆ ಬೇಕು. ಕಪಾಟಿನ ಬಾಗಿಲಿಗೆ ನೀವು ಅಂಟಿಸಿ ಹೋದ ಚೀಟಿಯನ್ನು ಈಗ ನಿದ್ದೆಯಲ್ಲೂ ಒಪ್ಪಿಸುತ್ತೇನೆ: ವಾರಕ್ಕೊಮ್ಮೆ ಕೀ ಕೊಡುವುದು, ಬಿಗಿಯಾದ ಕೂಡಲೇ ನಿಲ್ಲಿಸುವುದು, ಒದ್ದೆ ಕೈ ತಾಕಿಸದಿರುವುದು, ಯಾರಿಗೂ ಕಟ್ಟಲು ಕೊಡದಿರುವುದು. ಹೊಲಿಗೆ ಮಿಶಿನ್ ಮುಂದಿನಿಂದ ಎದ್ದು, ಕೈ ಒರೆಸಿಕೊಂಡು, ಒಂದೊಂದಕ್ಕೂ ಕೀ ಕೊಡುತ್ತೇನೆ. ಅಷ್ಟು ಮಾಡಿದರೂ ಒಂದು ಹೇಳಿದ ಗಂಟೆಯನ್ನು ಇನ್ನೊಂದು ಒಪ್ಪುವುದಿಲ್ಲ. ಬಸ್ಸಿಗೆ ಹೊರಡುವಾಗ ಪಕ್ಕದ ಮನೆಯವರ ಬಾಗಿಲು ತಟ್ಟಿ ಟೈಮು ಕೇಳುತ್ತೇನೆ. ಅವರೂ ಈಗ ನಗುವುದನ್ನು ಬಿಟ್ಟಿದ್ದಾರೆ, ಪಾಪ.

ಇನ್ನೊಂದು ಸುದ್ದಿಯಿದೆ, ಕುಳಿತುಕೊಂಡು ಓದಿ. ನೀವು ಮೊಟ್ಟಮೊದಲು ಕೊಂಡ ಆ ತೆಳ್ಳನೆಯ ಚಿನ್ನದ ವಾಚು ಮಂಕಾಗಿದೆ, ಮಗ ಬರುವ ಹೊತ್ತಿಗೆ ಲಕಲಕ ಅನ್ನಲಿ ಎಂದು ಅಮ್ಮ ಅದನ್ನು ಅಕ್ಕಸಾಲಿಗೆ ಕೊಟ್ಟು ಪಾಲಿಶ್ ಮಾಡಿಸಿಬಿಟ್ಟಿದ್ದಾರೆ. ಆತನಿಗೇನು ಗೊತ್ತು, ಬಳೆ ಹಿಡಿದ ಹಾಗೆ ಉಜ್ಜುವ ಚಕ್ರಕ್ಕೆ ಹಿಡಿದಿದ್ದಾನೆ. ಕೈಗೆ ಚುಚ್ಚುವಂತಿದ್ದ ನಾಲ್ಕೂ ಮೂಲೆಗಳು ಬಳಸಿದ ಸೋಪಿನ ಹಾಗೆ ನುಣ್ಣಗಾಗಿವೆ. ಗೀರಿದ್ದರೂ ಪರವಾಗಿಲ್ಲ, ಉಜ್ಜಿದ್ದನ್ನು ಹಳೆಯ ವಾಚು ಕೂಡಿಡುವವರು ಮೂಸಿಯೂ ನೋಡುವುದಿಲ್ಲ ಎಂದು ನೀವೇ ಹೇಳುತ್ತಿದ್ದಿರಲ್ಲ, ಅದು ಆಮೇಲೆ ನೆನಪಾಯಿತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ವಾಚ್ ರಿಪೇರಿಯವರ ಹತ್ತಿರ ಓಡಿದೆ. ಅವರು ಭೂತಗನ್ನಡಿ ಕಣ್ಣಿಂದ ತೆಗೆದು, "ಕೆಟ್ಟಿದ್ರೆ ಸರಿ ಮಾಡ್ಕೊಡ್ತಿದ್ದೆ ತಾಯಿ. ಹೋದ ಮೂಲೆ ಎಲ್ಲಿಂದ ತರ್ಲಿ?" ಎಂದರು. ಅಮ್ಮ ಎರಡು ದಿನದಿಂದ ಸರಿಯಾಗಿ ಊಟ ಮಾಡಿಲ್ಲ. ಅವರ ಮೇಲೆ ರೇಗಬೇಡಿ.

ಅಮ್ಮನ ಆಶೀರ್ವಾದಗಳು. ನನ್ನ ನಮಸ್ಕಾರವನ್ನೂ ಸಿಟ್ಟನ್ನೂ ಒಟ್ಟಿಗೇ ಕಳಿಸಿದ್ದೇನೆ, ಬೇಕಾದ್ದನ್ನು ಮೊದಲು ತೆಗೆದುಕೊಳ್ಳಿ.

ಇತಿ,
ಹನ್ನೊಂದು ವಾಚುಗಳ ಕಾವಲಿನವಳು

ವಿ.ಸೂ.: ಕವರಿಗೆ ಅಂಟು ಹಚ್ಚುವ ಮೊದಲು ನಿಜ ಹೇಳಿಬಿಡುತ್ತೇನೆ. ಪಾಲಿಶ್ ಮಾಡಿಸಿದ್ದು ಅಮ್ಮ ಅಲ್ಲ, ನಾನು. "ನನ್ ಮೇಲೆ ಹಾಕಿ ಬರಿ, ನಂಗವನು ಏನೂ ಅನ್ನಲ್ಲ" ಎಂದು ಹೇಳಿಕೊಟ್ಟವರು ಅವರೇ. ನೀವು ಹಡಗಿನಿಂದ ಇಳಿದ ಕೂಡಲೇ ಅದನ್ನು ನನ್ನ ಕೈಯಾರೆ ನಿಮಗೆ ಕಟ್ಟಬೇಕು ಎಂದುಕೊಂಡಿದ್ದೆ. ಪಾಲಿಶ್ ಆಗಿ ಬಂದ ಮಾರನೆಯ ದಿನವೇ ನಿಮ್ಮ ಕಾಗದ ಬಂತು. ತಪ್ಪು ನನ್ನದು, ಎಷ್ಟು ಬೇಕಾದರೂ ಬೈಯಿರಿ. ಆದರೆ ಕಾಗದದಲ್ಲಿ ಬೇಡ. ಸಹಿ ಹಾಕದೆ ಬನ್ನಿ, ಬಂದು ಎದುರಿಗೆ ನಿಂತು ಬೈಯಿರಿ.